ಕಿರುಚಕ್ಕನ ನಲವತ್ತಾರು ಮಾತುಗಳು

ಡಬ್ಬಿಂಗ್ ಸ್ಟುಡಿಯೋದಲ್ಲಿ ಅವಳನ್ನು ಎಲ್ಲರೂ ಕಿರುಚಕ್ಕ ಎಂದೇ ಕರೆಯುತ್ತಿದ್ದರು. ತಮಾಷೆಗೆ ಇಟ್ಟ ಹೆಸರು ಹತ್ತೊಂಬತ್ತು ವರ್ಷಗಳಲ್ಲಿ ಗಟ್ಟಿಯಾಗಿ ನಿಂತುಬಿಟ್ಟಿತ್ತು. ಪರದೆಯ ಮೇಲೆ ಯಾವ ನಟಿ ಬಾವಿಗೆ ಬೀಳಲಿ, ಚಾಕು ಕಾಣಲಿ, ಹೆಣ ನೋಡಲಿ, ಜಿರಳೆ ನೋಡಲಿ, ಬಾಯಿ ಆ ನಟಿಯದು, ಗಂಟಲು ಇವಳದು. ಮಾತಾಡುವುದಕ್ಕೆ ಬೇರೆ ಹೆಂಗಸರಿದ್ದರು. ಮಾತು ಮುಗಿದು ಕಿರುಚುವ ಜಾಗ ಬಂದರೆ ಅವರು ಗಂಟಲು ಹಾಳಾದೀತೆಂದು ಪಕ್ಕಕ್ಕೆ ಸರಿಯುತ್ತಿದ್ದರು. ಇವಳು ಮೈಕಿನಿಂದ ಎರಡು ಹೆಜ್ಜೆ ಹಿಂದೆ ನಿಂತು, ಮುಖವನ್ನು ಸ್ವಲ್ಪ ಎಡಕ್ಕೆ ತಿರುಗಿಸಿ, ಕೆಲಸ ಮುಗಿಸಿ ಹೊರಗೆ ಬರುತ್ತಿದ್ದಳು.

ಕಿರುಚುವುದೆಂದರೆ ಬಾಯಿ ತೆರೆದರೆ ಆಯಿತು ಎಂದು ತಿಳಿದವರಿಗೆ ಅವಳು ಏನೂ ಹೇಳುತ್ತಿರಲಿಲ್ಲ. ಸಾಯುವವರ ಕಿರುಚಾಟ ಬೇರೆ, ಸತ್ತವರನ್ನು ಕಂಡವರ ಕಿರುಚಾಟ ಬೇರೆ. ಮೊದಲನೆಯದು ಹೊಟ್ಟೆಯಿಂದ ಎದ್ದು ಒಂದೇ ಏಟಿಗೆ ಕತ್ತರಿಸಿ ಹೋಗಬೇಕು. ಎರಡನೆಯದು ಎದೆಯ ಮೇಲ್ಭಾಗದಲ್ಲಿ ಶುರುವಾಗಿ ತಾನಾಗಿಯೇ ತೆಳ್ಳಗಾಗಬೇಕು. ಇವೆರಡನ್ನೂ ಒಂದೇ ದಿನ ಮಾಡಬೇಕಾದರೆ ಗಂಟಲನ್ನು ಮಗುವಿನಂತೆ ನೋಡಿಕೊಳ್ಳಬೇಕು. ಅದಕ್ಕಾಗಿ ಕಿರುಚುವ ಕೆಲಸವಿದ್ದ ದಿನ ಅವಳು ಬೆಳಿಗ್ಗೆಯಿಂದ ಒಂದು ಮಾತೂ ಆಡುತ್ತಿರಲಿಲ್ಲ. ಚೀಲದಲ್ಲಿ ಮಕ್ಕಳ ಸ್ಲೇಟೊಂದಿತ್ತು. ‘ಬಿಸಿನೀರು’, ‘ಇನ್ನೊಂದು ಸಲ ಬೇಕೆ?’, ‘ಎಷ್ಟು ಉದ್ದ?’ ಎಂದು ಬರೆದು ತೋರಿಸುತ್ತಿದ್ದಳು. ಸ್ಟುಡಿಯೋಕ್ಕೆ ಚಹಾ ತರುವ ಮುದುಕಪ್ಪ ಅವಳಿಗೆ ಮಾತೇ ಬಾರದು ಎಂದು ಎರಡು ವರ್ಷ ನಂಬಿದ್ದ. ಇಷ್ಟು ವರ್ಷ ಜೊತೆಗೆ ಕೆಲಸ ಮಾಡಿದವರಲ್ಲಿ ಹೆಚ್ಚಿನವರು ಅವಳ ಬಾಯಿಂದ ಹತ್ತು ಮಾತು ಕೇಳಿದ್ದರೆ ಅದೇ ದೊಡ್ಡದು.

ಮನೆಯಲ್ಲಿ ಮಾತ್ರ ಕಥೆ ತಿರುಗಾಮುರುಗಾ. ಅತ್ತೆ ಕಿವಿ ಮುಚ್ಚಿಕೊಳ್ಳುತ್ತಿದ್ದರು.

“ಹಗಲೆಲ್ಲ ಕೂಡಿಟ್ಟಿದ್ದನ್ನ ತಂದು ನನ್ನ ತಲೆ ಮೇಲೇ ಸುರೀತೀಯಲ್ಲೇ!”

“ನಿಮ್ಮ ತಲೆ ಬಿಟ್ರೆ ಇನ್ಯಾರ ತಲೆ ಖಾಲಿ ಇದೆ ಅತ್ತೆ?”

ಹೀಗೆ ಒಣಗಿದ ದನಿಯಲ್ಲಿ, ಮುಖದ ಒಂದು ಗೆರೆಯೂ ಅಲುಗದಂತೆ ಮಾತಾಡುವುದು ಅವಳ ಹುಟ್ಟುಗುಣ. ಅದನ್ನು ಸ್ಟುಡಿಯೋದಲ್ಲಿ ಮೊದಲು ಕೇಳಿದವಳು ಒಬ್ಬ ನಿರ್ದೇಶಕಿ. ಅಂದು ಕಿರುಚುವ ಕೆಲಸ ರದ್ದಾಗಿತ್ತು. ಕಿರುಚಕ್ಕ ಮೆಟ್ಟಿಲ ಬಳಿ ನಿಂತು ಮನೆಯ ಮಾಲೀಕನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. “ಹೌದು ಸ್ವಾಮಿ, ನಲ್ಲಿ ಇನ್ನೂ ಸೋರ್ತಾ ಇದೆ. ಇಲ್ಲ ಇಲ್ಲ, ಅವಸರ ಏನಿಲ್ಲ. ನೀವು ಬಂದು ನೋಡೋ ಹೊತ್ತಿಗೆ ನಾವು ಈಜು ಕಲಿತಿರ್ತೀವಿ.”

ಮೆಟ್ಟಿಲು ಇಳಿಯುತ್ತಿದ್ದ ನಿರ್ದೇಶಕಿ ಅಲ್ಲೇ ನಿಂತಳು. ಅವಳದು ಮೊದಲ ಪಿಕ್ಚರ್. ಬಾಡಿಗೆ ಮನೆಯೊಂದರಲ್ಲಿ ಸತ್ತ ಹೆಂಗಸು ದೆವ್ವವಾಗಿ ಅಲ್ಲೇ ಉಳಿಯುತ್ತಾಳೆ. ಹೊಸದಾಗಿ ಬಂದ ಬಾಡಿಗೆಯವರನ್ನು ದೆವ್ವ ಹೆದರಿಸುವುದಿಲ್ಲ, ಹೆದರಿಸುವವನು ಮಾಲೀಕ. ಗೋಡೆಗೆ ಮೊಳೆ ಹೊಡೆಯಬೇಡಿ, ರಾತ್ರಿ ಎಂಟರ ಮೇಲೆ ನೆಂಟರು ಬೇಡ, ಜೋರಾಗಿ ನಗಬೇಡಿ ಎಂದು ಅವನು ಪಟ್ಟಿ ಓದುತ್ತಾ ಹೋದಂತೆ ದೆವ್ವವೇ ನಡುಗುತ್ತದೆ. ಭಯದ ಪಿಕ್ಚರಿನ ಅಂಗಿ ತೊಟ್ಟ ಅಣಕದ ಪಿಕ್ಚರ್ ಅದು. ಆ ದೆವ್ವಕ್ಕೆ ದನಿ ಬೇಕಾಗಿತ್ತು.

“ಅಕ್ಕಾ, ನೀವು ಮಾತಾಡ್ತೀರಾ?” ಎಂದು ನಿರ್ದೇಶಕಿ ಕೇಳಿದಳು.

“ಈಗ ಆಡಿದ್ದು ಏನಂದ್ಕೊಂಡೆ ಮಗಳೇ?”

ದೆವ್ವಕ್ಕಿದ್ದದ್ದು ಒಂದು ಕಿರುಚಾಟ, ನಲವತ್ತಾರು ಮಾತು. ಅವಳು ಪ್ರತಿ ಮಾತಿನ ಪಕ್ಕ ಪೆನ್ಸಿಲಿನಲ್ಲಿ ಅಂಕಿ ಬರೆದುಕೊಂಡು ಕಲಿತಳು. ಮೇಲಿನ ಮಹಡಿಯ ಸಣ್ಣ ಕೋಣೆಯಲ್ಲಿ ನಾಲ್ಕು ದಿನ ಕೆಲಸ ನಡೆಯಿತು. ಮೂವತ್ತೊಂದನೆಯ ಮಾತಿಗೆ ಮಾತ್ರ ಅವಳು ದೀಪ ಆರಿಸಲು ಹೇಳಿದಳು. ತಾನು ಸತ್ತದ್ದನ್ನು ದೆವ್ವ ಹೇಳುವ ಮಾತು ಅದು: “ಮೂರು ದಿನ ಯಾರೂ ಬಾಗಿಲು ತಟ್ಟಲಿಲ್ಲ. ನಾಲ್ಕನೇ ದಿನ ತಟ್ಟಿದ್ರು. ಮನೆ ನೋಡೋಕೆ ಬಂದವರು.” ಆರು ಸಲ ಹೇಳಿದ ಮೇಲೆ ಅದು ಅಳುವೂ ಅಲ್ಲದ ನಗುವೂ ಅಲ್ಲದ ಜಾಗದಲ್ಲಿ ಬಂದು ಕೂತಿತು.

ನಲವತ್ತಾರು ಮಾತು ಆಡಿದವಳಿಗೆ ನಲವತ್ತೇಳನೆಯದರ ಆಸೆ ಹುಟ್ಟದೆ ಇದ್ದೀತೇ? ಆಗಲೇ ಕೆಳಗಿನ ಮಹಡಿಯಲ್ಲಿ ಬೇರೆ ಭಾಷೆಯ ಒಂದು ಧಾರಾವಾಹಿಗೆ ದನಿಗಳನ್ನು ಹುಡುಕುತ್ತಿದ್ದರು. ನೂರ ಇಪ್ಪತ್ತು ಕಂತು, ನಡುವಯಸ್ಸಿನ ವಕೀಲೆಯೊಬ್ಬಳ ಕಥೆ. ಅದನ್ನು ನೋಡಿಕೊಳ್ಳುತ್ತಿದ್ದವರಿಗೆ ಹೆಡ್‌ಮಾಸ್ಟರ್ ಎಂದು ಅಡ್ಡಹೆಸರು. ಉಚ್ಚಾರ ತಪ್ಪಿದವರನ್ನು ಒಂದು ಗಂಟೆ ನಿಲ್ಲಿಸಿಯೇ ಹೇಳಿಸುತ್ತಿದ್ದ ಮನುಷ್ಯ. ಅಂದು ಕಿರುಚುವ ದಿನವಾದ್ದರಿಂದ ಅವಳು ಸ್ಲೇಟಿನ ಮೇಲೆ ‘ವಕೀಲೆಯ ಮಾತು ನಾನು ಆಡಲೇ?’ ಎಂದು ಬರೆದು ಅವರ ಮುಂದೆ ಹಿಡಿದಳು.

ಹೆಡ್‌ಮಾಸ್ಟರ್ ಎರಡು ಸಲ ಓದಿದರು. ಆಮೇಲೆ ನಕ್ಕರು. ಕೆಟ್ಟ ನಗುವೇನಲ್ಲ.

“ಮಾತು ಆಡಲೇ ಅಂತ ಬರೆದು ಕೇಳ್ತಿದ್ದೀಯಲ್ಲಮ್ಮಾ! ನಾಟಕದಲ್ಲಿ ಗುಡುಗು ಬಾರಿಸೋನು ಬಂದು ರಾಜನ ಪಾರ್ಟು ಕೊಡಿ ಅಂದ ಹಾಗಾಯ್ತು. ಅದೇನೋ ದೆವ್ವಕ್ಕೆ ಮಾತಾಡಿದ್ದೀಯಂತೆ. ಅದು ಬರಲಿ. ನಾನು ಪಿಕ್ಚರ್ ನೋಡೋನಲ್ಲ, ನೋಡಿದವರನ್ನ ಕೇಳೋನು. ಜನ ದೆವ್ವದ ಮಾತು ಚೆನ್ನಾಗಿದೆ ಅಂದ್ರೆ, ಆಮೇಲೆ ನೋಡೋಣ.”

ಅಷ್ಟರ ಮೇಲೆ ಅವಳ ಪಾಲಿಗೆ ಎಲ್ಲವೂ ಆ ಪಿಕ್ಚರಿನ ಮೇಲೆ ನಿಂತಿತು.

ಮೊದಲು ಬಂದದ್ದು ಟ್ರೇಲರ್. ಗಂಡ ಫೋನನ್ನು ಸಕ್ಕರೆ ಡಬ್ಬಕ್ಕೆ ಆನಿಸಿ ಇಟ್ಟ. ಮೂವರೂ ಅಡುಗೆಮನೆಯಲ್ಲಿ ನಿಂತು ನೋಡಿದರು. ಕತ್ತಲೆಯ ಮೆಟ್ಟಿಲು, ತಾನಾಗಿ ಅಲುಗುವ ಚಿಲಕ, ಗೋಡೆಯ ಮೇಲೆ ಒಂದು ಕೈ, ಕೊನೆಗೆ ಅವಳ ಕಿರುಚಾಟ. ಎರಡು ನಿಮಿಷದಲ್ಲಿ ಅವಳ ಒಂದು ಮಾತೂ ಇರಲಿಲ್ಲ. ಆ ಕಿರುಚಾಟವಾದರೂ ಪಿಕ್ಚರಿನಲ್ಲಿ ದೆವ್ವವು ಬಾಡಿಗೆ ಕರಾರಿನ ಕಾಗದ ಓದಿ ಹಾಕುವುದು. ಟ್ರೇಲರಿನಲ್ಲಿ ಕಾಗದದ ದೃಶ್ಯ ಕತ್ತರಿಸಿ ಆ ಜಾಗಕ್ಕೆ ಕೈಯನ್ನು ಅಂಟಿಸಿದ್ದರು.

“ನಿನ್ನ ಮಾತು ಎಲ್ಲೇ?” ಎಂದರು ಅತ್ತೆ.

“ಪಿಕ್ಚರ್‌ನಲ್ಲಿದೆ ಅತ್ತೆ.”

“ಮತ್ತೆ ಇದೇನು?”

“ಇದು ಟ್ರೇಲರ್.”

“ಅಕ್ಕನ್ನ ನೋಡೋಕೆ ಬಂದವರಿಗೆ ತಂಗೀನ ತೋರಿಸಿದ ಹಾಗಾಯ್ತು, ಬಿಡು.”

ಅವಳು ನಿರ್ದೇಶಕಿಗೆ ಫೋನ್ ಮಾಡಿದಳು. ಆ ಕಡೆಯ ದನಿ ಆಗಲೇ ಸೋತಿತ್ತು. “ನಾನು ಕತ್ತರಿಸಿದ್ದಲ್ಲ ಅಕ್ಕಾ. ನಿರ್ಮಾಪಕರು ಕೇಳಲಿಲ್ಲ. ಭಯ ಅಂದ್ರೆ ಜನ ಬರ್ತಾರೆ, ಅಣಕ ಅಂದ್ರೆ ಯಾರು ಬರ್ತಾರೆ ಅಂದ್ರು. ಒಳಗೆ ಬಂದ ಮೇಲೆ ನಗ್ತಾರೆ ಬಿಡಿ ಅಂದ್ರು.”

ಜನ ಬಂದರು. ಆ ಮಾತು ಸುಳ್ಳಾಗಲಿಲ್ಲ. ಶುಕ್ರವಾರ ಮಧ್ಯಾಹ್ನದ ಆಟಕ್ಕೆ ಮುಕ್ಕಾಲು ಕುರ್ಚಿ ತುಂಬಿತ್ತು. ಅವಳು, ಗಂಡ, ಅತ್ತೆ ನಡುವಿನ ಸಾಲಿನಲ್ಲಿ ಕೂತರು. ದೀಪ ಆರುವುದಕ್ಕೆ ಮೊದಲೇ ಜನ ಚೀಲಗಳನ್ನು ಎದೆಗೆ ಅವಚಿಕೊಂಡಿದ್ದನ್ನು ಅವಳು ಗಮನಿಸಿದಳು. ಕೆಲವರು ಬೆರಳುಗಳನ್ನು ಕಣ್ಣಿನ ಹತ್ತಿರ ಸಿದ್ಧವಾಗಿ ಇಟ್ಟುಕೊಂಡಿದ್ದರು.

ಹೊಸ ಬಾಡಿಗೆಯವನು ಬಾಗಿಲು ತೆರೆದ. ದೆವ್ವ ತನ್ನ ಮೊದಲ ಮಾತು ಹೇಳಿತು: “ಚಪ್ಪಲಿ ಹೊರಗೆ ಬಿಡಿ. ಸತ್ತಿದ್ದೀನಿ ಅಂದ ಮಾತ್ರಕ್ಕೆ ನೆಲ ಒರೆಸೋದು ಬಿಟ್ಟಿಲ್ಲ.”

ಯಾರೂ ನಗಲಿಲ್ಲ. ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗಿ ಕಿಸಕ್ಕೆಂದಳು. ಪಕ್ಕದವರು ತಡೆದರು. “ಶ್! ಈಗ ಬರುತ್ತೆ.”

ಈಗ ಬರುತ್ತೆ. ಎರಡು ಗಂಟೆಯೂ ಸಭೆಯೆಲ್ಲ ಹಾಗೇ ಕೂತಿತ್ತು. ಬಸ್ ನಿಲ್ದಾಣದಲ್ಲಿ ಪಕ್ಕದವರು ತಮ್ಮ ಕಷ್ಟಸುಖ ಹೇಳಿಕೊಳ್ಳುತ್ತಿದ್ದರೂ ನಮ್ಮ ಕಣ್ಣು ರಸ್ತೆಯ ತಿರುವಿನಲ್ಲೇ ಇರುತ್ತದಲ್ಲ, ಹಾಗೆ. ಅವರು ಕಾಯುತ್ತಿದ್ದದ್ದು ಚಿಲಕಕ್ಕಾಗಿ, ಕೈಗಾಗಿ, ಕಿರುಚಾಟಕ್ಕಾಗಿ. ನಡುವೆ ಆಡಿದ ಮಾತುಗಳು ದಾರಿಯ ಸದ್ದಿನಂತೆ ಹಾದುಹೋದವು. ಮೂವತ್ತೊಂದನೆಯದೂ ಹೋಯಿತು. ಕಡೆಗೆ ಕಿರುಚಾಟ ಬಂದಾಗ ಸಿಳ್ಳೆ ಹೊಡೆದರು, ಗುರುತಿನವರು ಬಂದರೇನೋ ಎಂಬಂತೆ ಚಪ್ಪಾಳೆ ತಟ್ಟಿದರು. ಮರುಕ್ಷಣ ಪರದೆಯ ಮೇಲೆ ಕರಾರಿನ ಕಾಗದ ಕಂಡಿತು. ಚಪ್ಪಾಳೆ ನಿಂತಿತು.

“ಇಷ್ಟೇನಾ?” ಎಂದ ಒಬ್ಬ.

“ಟ್ರೇಲರ್‌ನಲ್ಲಿ ಇದ್ದ ದೆವ್ವ ಎಲ್ಲಿ ಹೋಯ್ತು? ರಜಾ ಹಾಕಿದೆಯಾ?” ಎಂದ ಇನ್ನೊಬ್ಬ. ಅದಕ್ಕೆ ಎಲ್ಲರೂ ನಕ್ಕರು. ಅಂದಿನ ಆಟದಲ್ಲಿ ಸಭೆ ಮನಸಾರೆ ನಕ್ಕದ್ದು ಅದೊಂದಕ್ಕೇ.

ಹೊರಗೆ ಬಂದ ಮೇಲೆ ಅವಳು ಅತ್ತೆಯನ್ನು ಕೇಳಿದಳು. “ಹೇಗಿತ್ತು?”

“ನನಗೇನು ಗೊತ್ತೇ? ಭಯ ಅಂತ ಕಣ್ಣು ಮುಚ್ಚಿಕೊಂಡಿದ್ದೆ.”

“ಕೇಳಿಸ್ಕೊಳ್ಳೋಕೆ ಕಣ್ಣು ಯಾಕೆ?”

“ಕಿವೀನೂ ಮುಚ್ಚಿಕೊಂಡಿದ್ದೆ.”

ನಿರ್ಮಾಪಕರಿಗೂ ಸುದ್ದಿ ಮುಟ್ಟಿತು. ಭಾನುವಾರಕ್ಕೆ ಎರಡನೆಯ ಟ್ರೇಲರ್ ಹೊರಬಂತು. ಈ ಸಲ ಅವಳ ಏಳು ಮಾತುಗಳಿದ್ದವು. ಪ್ರತಿ ಮಾತಿನ ಬಾಲಕ್ಕೂ ಟೊಂಯ್ ಎಂದು ಒಂದು ಸದ್ದು ಕಟ್ಟಿದ್ದರು. ‘ಹೊಟ್ಟೆ ಹುಣ್ಣಾಗುವಂತೆ ನಗಿಸುವ ದೆವ್ವ’ ಎಂದು ದಪ್ಪ ಅಕ್ಷರ. ಕಡೆಗೂ ತನ್ನ ಮಾತು ಬಂತಲ್ಲ ಎಂದು ಅವಳಿಗೆ ಸಂತೋಷವೇ ಆಯಿತು. ಮಂಗಳವಾರ ಗಂಡನನ್ನು ಎಳೆದುಕೊಂಡು ಮತ್ತೆ ಹೋದಳು.

ಈ ಸಲದ ಜನ ನಗಲೆಂದೇ ಬಂದಿದ್ದರು. ಬಾಗಿಲು ತೆರೆದುಕೊಂಡಿತು, ನಕ್ಕರು. ಬಾಡಿಗೆಯವನು ಕೆಮ್ಮಿದ, ನಕ್ಕರು. “ಚಪ್ಪಲಿ ಹೊರಗೆ” ಎಂಬಷ್ಟರಲ್ಲೇ ಹೋ ಎಂದು ಎದ್ದ ನಗುವಿನಲ್ಲಿ ಉಳಿದರ್ಧ ಮುಳುಗಿತು. ಟ್ರೇಲರಿನಲ್ಲಿ ಕೇಳಿದ ಮಾತನ್ನು ದೆವ್ವಕ್ಕಿಂತ ಮೊದಲೇ ಅವರೇ ಹೇಳಿಬಿಡುತ್ತಿದ್ದರು. ಮೂವತ್ತೊಂದನೆಯ ಮಾತು ಹತ್ತಿರ ಬಂದಾಗ ಅವಳು ಗಂಡನ ಮಣಿಕಟ್ಟು ಹಿಡಿದುಕೊಂಡಳು.

“ಮೂರು ದಿನ ಯಾರೂ ಬಾಗಿಲು ತಟ್ಟಲಿಲ್ಲ” ಎಂದಿತು ದೆವ್ವ.

ಗೊಳ್ಳೆಂದರು. ಮುಂದಿನ ಸಾಲಿನವನು ತೊಡೆ ತಟ್ಟಿಕೊಂಡು ನಕ್ಕ. ಮಾತಿನ ಉಳಿದ ಭಾಗ ಅವಳ ಕಿವಿಗೂ ಬೀಳಲಿಲ್ಲ. ಇಂಟರ್‌ವೆಲ್ಲಿನಲ್ಲಿ ಒಬ್ಬ ಅಪ್ಪ ಅಳುವ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತವನನ್ನು ಬೈಯುತ್ತಿದ್ದ. “ಕಾಮಿಡಿ ಅಂದಿದ್ರಲ್ರೀ! ಆ ಮೆಟ್ಟಿಲ ಸೀನು ನೋಡಿ ನನ್ನ ಮಗಳು ನಡುಗಿಹೋದ್ಲು!” ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಮೊದಲ ಟ್ರೇಲರ್ ನಂಬಿದವರಿಗೆ ಭಯ ಸಾಲಲಿಲ್ಲ, ಎರಡನೆಯದನ್ನು ನಂಬಿದವರಿಗೆ ಭಯ ಹೆಚ್ಚಾಯಿತು. ಪಿಕ್ಚರ್ ಮಾತ್ರ ಒಂದೇ.

ಮನೆಗೆ ನಡೆಯುವಾಗ ಅವಳು ನಾಲ್ಕು ಹೆಜ್ಜೆ ಮುಂದೆಯೇ ಹೋಗುತ್ತಿದ್ದಳು. ಅವಳ ಗಂಡ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು. ಅಳೆದು ತೂಗಿ ಮಾತಾಡುವ ಮನುಷ್ಯ.

“ಓದೋ ಕನ್ನಡಕ ಹಾಕ್ಕೊಂಡು ರಸ್ತೆ ನೋಡಿದ್ರೆ ಮಬ್ಬಾಗೇ ಕಾಣೋದು,” ಎಂದ. “ರಸ್ತೇದೇನು ತಪ್ಪು?”

“ಏನ್ರೀ, ನಾನು ರಸ್ತೇನಾ?”

“ಹಾಗಲ್ಲ ಕಣೇ…”

“ಎಲ್ಲರೂ ತುಳಿದುಕೊಂಡು ಹೋದ್ರು. ರಸ್ತೇನೇ ಬಿಡಿ.”

ಗುರುವಾರ ಆ ಪಿಕ್ಚರಿಗೆ ಕೊನೆಯ ದಿನ. ಮಧ್ಯಾಹ್ನ ಕೆಲಸವಿರಲಿಲ್ಲ. ಸತ್ತವರನ್ನು ನೋಡಲು ಹೋಗುವವಳಂತೆ ಅವಳು ಒಬ್ಬಳೇ ಹೋದಳು. ಇಡೀ ಸಭೆಯಲ್ಲಿ ಹನ್ನೊಂದು ಜನ. ದೀಪ ಆರುವ ಹೊತ್ತಿಗೆ ಬಾಗಿಲಲ್ಲಿ ಗಲಾಟೆ ಎದ್ದಿತು. ಪಕ್ಕದ ಪರದೆಯಲ್ಲಿ ಸದ್ದಿನ ಯಂತ್ರ ಕೆಟ್ಟು ನಿಂತಿತ್ತು. ಅಲ್ಲಿ ಸಂಸಾರದ ಪಿಕ್ಚರ್ ನೋಡಲು ಬಂದಿದ್ದ ಬಸ್ ಡಿಪೋದ ಡ್ರೈವರು, ಕಂಡಕ್ಟರುಗಳು, ಅವರ ಮನೆಯವರು, ಎಲ್ಲ ಸೇರಿ ಐವತ್ತು ಅರವತ್ತು ಜನರನ್ನು ಇಲ್ಲಿಗೆ ಕಳಿಸಿದ್ದರು.

“ಟಿಕೆಟ್ ಒಂದೂರಿಗೆ, ಬಸ್ಸು ಇನ್ನೊಂದೂರಿಗೆ!” ಎಂದು ಒಬ್ಬ ಕಂಡಕ್ಟರ್ ಗೊಣಗುತ್ತಾ ಬಂದ.

“ಸೀಟು ಸಿಕ್ಕಿತಲ್ಲ, ಕೂತ್ಕೊಳ್ರೀ,” ಎಂದಳು ಅವನ ಹೆಂಡತಿ. ಅವಳು ಬಂದು ಕೂತದ್ದು ಕಿರುಚಕ್ಕನ ಪಕ್ಕದಲ್ಲೇ. ಪಾಪ್‌ಕಾರ್ನ್ ಪೊಟ್ಟಣವನ್ನು ಮಡಿಲಲ್ಲಿ ಸರಿಮಾಡಿಕೊಂಡು ಕೇಳಿದಳು. “ಇದು ಯಾವ ಥರದ ಪಿಕ್ಚರಮ್ಮಾ?”

ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಇದು ನಗುವ ಪಿಕ್ಚರ್, ಆದರೆ ನಡುವೆ ಒಂದು ಮಾತಿದೆ, ಅದನ್ನು ಗಮನವಿಟ್ಟು ಕೇಳಿ, ಆ ದನಿ ನನ್ನದು. ಇಷ್ಟನ್ನೂ ಹೇಳಿಬಿಡುವ ಆಸೆಯಿಂದ ಅವಳು ಆ ಹೆಂಗಸಿನ ಕಡೆ ತಿರುಗಿಯೂಬಿಟ್ಟಳು. ಹೇಳಿದರೆ ಅದೂ ಮೂರನೆಯ ಟ್ರೇಲರ್ ಆಗುತ್ತದೆ ಎಂಬುದು ಆಗಲೇ ಹೊಳೆಯಿತು.

“ಗೊತ್ತಿಲ್ಲಮ್ಮಾ,” ಎಂದಳು. “ನೋಡೋಣ.”

ಬಾಗಿಲು ತೆರೆದುಕೊಂಡಿತು. ದೆವ್ವ ಚಪ್ಪಲಿ ಹೊರಗೆ ಬಿಡಲು ಹೇಳಿತು.  ಮೊದಲು ಕಂಡಕ್ಟರ್ ಹ್ಹೆ ಎಂದ. ಅವನ ಹೆಂಡತಿ, “ನಮ್ಮತ್ತೆ ಥರಾನೇ ಇದೆ,” ಎಂದಳು. ಅಲ್ಲಿಂದ ನಗು ಸಾಲಿನಿಂದ ಸಾಲಿಗೆ ಹೋಯಿತು. ಮೆಟ್ಟಿಲ ಕತ್ತಲೆ ಬಂದಾಗ ಹೆದರಿ ಒಬ್ಬರ ತೋಳು ಒಬ್ಬರು ಹಿಡಿದರು. ಮಾಲೀಕ ಪಟ್ಟಿ ಓದಲು ಶುರು ಮಾಡಿದರೆ ಡ್ರೈವರೊಬ್ಬ ಪರದೆಗೇ ಬೈದ. ಮುಂದೇನು ಬರುತ್ತದೆಂದು ಯಾರಿಗೂ ಗೊತ್ತಿರಲಿಲ್ಲ, ಹಾಗಾಗಿ ಬಂದದ್ದನ್ನೆಲ್ಲ ಕೇಳಿಸಿಕೊಂಡರು.

“ಮೂರು ದಿನ ಯಾರೂ ಬಾಗಿಲು ತಟ್ಟಲಿಲ್ಲ,” ಎಂದಿತು ದೆವ್ವ. ಡ್ರೈವರುಗಳು ಮುಂದಕ್ಕೆ ಬಾಗಿದರು. “ನಾಲ್ಕನೇ ದಿನ ತಟ್ಟಿದ್ರು.” ಯಾರೋ ಉಸಿರು ಬಿಟ್ಟರು. “ಮನೆ ನೋಡೋಕೆ ಬಂದವರು.”

ಹೊಮ್ಮಿದ ನಗು ಅರ್ಧದಲ್ಲೇ ನಿಂತಿತು. ಪಕ್ಕದ ಹೆಂಗಸಿನ ಮುಖದಲ್ಲಿ ನಗು ಇನ್ನೂ ಹಾಗೇ ಇತ್ತು, ಬಾಯಿಂದ ಮಾತ್ರ “ಅಯ್ಯೋ” ಎಂದು ಬಂತು. ಪಾಪ್‌ಕಾರ್ನ್ ಹಿಡಿದ ಕೈ ಬಾಯಿಗೆ ಹೋಗದೆ ಹಾಗೇ ಉಳಿಯಿತು. ಕಿರುಚಕ್ಕ ಬೆರಳು ಮಡಿಸಿ ಎಣಿಸುತ್ತಿದ್ದಳು. ಆಟ ಮುಗಿಯುವ ಹೊತ್ತಿಗೆ ನಲವತ್ತಾರರಲ್ಲಿ ಮೂವತ್ತೊಂಬತ್ತು ಮಾತು ಜನಕ್ಕೆ ಮುಟ್ಟಿತ್ತು. ಉಳಿದ ಏಳರಲ್ಲಿ ಮೂರನ್ನು ತಾನೇ ಅವಸರದಲ್ಲಿ ಹೇಳಿ ಕೆಡಿಸಿದ್ದಳೆಂದು ಅವಳಿಗೆ ಆಗ ತಿಳಿಯಿತು.

ಆದರೆ ಹೆಡ್‌ಮಾಸ್ಟರ್ ಕೇಳಿದ್ದು ಬಸ್ ಡಿಪೋದವರನ್ನಲ್ಲ. ಶುಕ್ರವಾರ ಅವಳನ್ನು ಕಂಡ ಕೂಡಲೇ ಅವರು ಕರೆದರು.

“ವಿಚಾರಿಸಿದೆ ಕಣಮ್ಮಾ. ಮೂರು ಜನರನ್ನ ಕೇಳಿದೆ. ಮೂವರೂ ಕಿರುಚಾಟ ಭರ್ಜರಿ ಅಂದ್ರು. ಮಾತು ಹೇಗಿತ್ತು ಅಂದೆ. ಯಾವ ಮಾತು ಅಂದ್ರು. ಬೇಜಾರು ಮಾಡ್ಕೋಬೇಡ. ಒಬ್ಬೊಬ್ಬರಿಗೆ ಒಂದೊಂದು.”

ಅವಳು ತಲೆಯಾಡಿಸಿದಳು. ಎರಡು ಕಿರುಚಾಟ ಮುಗಿಸಿ ಬಿಸಿನೀರು ಕುಡಿದು ನೇರ ಸೌಂಡ್ ಎಂಜಿನಿಯರ್ ಕೋಣೆಗೆ ಹೋದಳು. ವಕೀಲೆಯ ಪಾತ್ರಕ್ಕೆ ಐದು ಹೆಂಗಸರ ದನಿಯನ್ನು ಅವನು ಮುದ್ರಿಸಿ ಇಟ್ಟಿದ್ದ. ಪ್ರತಿಯೊಂದಕ್ಕೂ ಹೆಸರಿನ ಚೀಟಿ.

“ಚೀಟಿ ತೆಗೆದುಬಿಡು,” ಎಂದಳು ಅವಳು. “ಬರೀ ನಂಬರ್ ಹಾಕು. ನನ್ನದೂ ಒಂದು ಸೇರಿಸು.”

ಅವನಿಗೆ ಮೊದಲು ಗಾಬರಿಯಾದದ್ದು ಅವಳು ಮಾತಾಡಿದ್ದಕ್ಕೆ. “ಅಕ್ಕಾ, ಗೊತ್ತಾದ್ರೆ ಹೆಡ್‌ಮಾಸ್ಟ್ರು ನನ್ನನ್ನ ಬೆಂಚಿನ ಮೇಲೆ ನಿಲ್ಲಿಸ್ತಾರೆ.”

“ನಿಲ್ಲು. ಸೊಂಟಕ್ಕೆ ಒಳ್ಳೇದು. ಇಲ್ಲಿ ಕೂತೂ ಕೂತೂ ಏನಾಗಿದ್ದೀಯ ನೋಡ್ಕೋ.”

ಅವನು ನಕ್ಕ. ನಕ್ಕವನು ಇಲ್ಲ ಎನ್ನಲಾಗಲಿಲ್ಲ. ಶನಿವಾರ ಬೆಳಿಗ್ಗೆ ಅವಳು ಮೊದಲ ಕಂತಿನಿಂದ ವಕೀಲೆಯ ಒಂದು ಪುಟ ಓದಿ ಮುದ್ರಿಸಿದಳು. ಈ ಸಲ ಎಲ್ಲೂ ಅವಸರ ಮಾಡಲಿಲ್ಲ ಎಂದುಕೊಂಡಳು.

ಸೋಮವಾರ ಹೆಡ್‌ಮಾಸ್ಟರ್ ಕುರ್ಚಿಗೆ ಒರಗಿ ಕಣ್ಣು ಮುಚ್ಚಿ ಕೇಳಲು ಕೂತರು. ಚೀಟಿಗಳಿಲ್ಲದ್ದಕ್ಕೆ ಗೊಣಗಿದರು. ಆಮೇಲೆ, “ಇದೂ ಒಳ್ಳೇದೇ, ಹಾಕು,” ಎಂದರು. ಮಧ್ಯಾಹ್ನ ಕಿರುಚುವ ಕೆಲಸವಿದ್ದ ನೆಪದಲ್ಲಿ ಅವಳು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತಿದ್ದಳು. ಒಂದು, ಎರಡು, ಮೂರು ಮುಗಿದವು. ನಾಲ್ಕನೆಯದು ಮುಗಿದಾಗ ಅವರು ಬೆರಳು ಎತ್ತಿದರು.

“ಇನ್ನೊಂದ್ಸಲ.”

ಎಂಜಿನಿಯರ್ ಮತ್ತೆ ಹಾಕಿದ. ಐದನ್ನೂ ಆರನ್ನೂ ಪೂರ್ತಿ ಕೇಳಿದರು. ತಿರುಗಿ ನಾಲ್ಕನೆಯದನ್ನೇ ಹಾಕಿಸಿದರು.

“ಯಾರಿದು? ಹೊಸಬರಾ? ಎದುರಿನವನಿಗೆ ಹೊಡೆದದ್ದೂ ಗೊತ್ತಾಗಬಾರದು, ನೋವಾಗಬೇಕು. ಹಾಗಿದೆ ಮಾತು. ಇವರನ್ನೇ ಇಟ್ಕೊಳ್ಳೋಣ.” ಅವರು ಕಣ್ಣು ತೆರೆದು ಸ್ವಲ್ಪ ಯೋಚಿಸಿದರು. “ಒಂದೇ ಅನುಮಾನ. ಹದಿನೇಳನೇ ಕಂತಿನಲ್ಲಿ ವಕೀಲೆ ಜೋರಾಗಿ ಕಿರುಚಬೇಕು. ಇಂಥಾ ದನಿಯವರಿಗೆ ಅದು ಆಗಲ್ಲ.”

ಸೌಂಡ್ ಎಂಜಿನಿಯರ್ ಮೇಜಿನ ಕೆಳಗೆ ಏನೋ ಬಿತ್ತೆಂದು ಹುಡುಕಲು ಬಗ್ಗಿದ. ಅವನ ಬೆನ್ನು ಕುಲುಕುತ್ತಿತ್ತು.

ಹೆಡ್‌ಮಾಸ್ಟರ್ ಬಾಗಿಲ ಕಡೆ ತಿರುಗಿದರು. “ಅದಕ್ಕೆ ನೀನಿದ್ದೀಯಲ್ಲಮ್ಮಾ. ಮಾತು ಅವರು ಆಡಲಿ, ಕಿರುಚೋದು ನಿನ್ನದು. ಎರಡೂ ದನಿ ಹೊಂದುತ್ತೋ ಇಲ್ವೋ ನೋಡಬೇಕು ಅಷ್ಟೇ.”

ಮಧ್ಯಾಹ್ನದ ಕಿರುಚಾಟಕ್ಕೆ ಇನ್ನೂ ಎರಡು ಗಂಟೆ ಇತ್ತು. ಅವಳು ಎದ್ದು ನಿಂತಳು.

“ಹೊಂದುತ್ತೆ ಸರ್,” ಎಂದಳು.

 ನಾಲ್ಕನೆಯ ದನಿ ಸ್ಪೀಕರಿನಿಂದಲ್ಲದೆ ಬಾಗಿಲ ಕಡೆಯಿಂದ ಬಂದಿತ್ತು. ಹೆಡ್‌ಮಾಸ್ಟರ್ ಯಂತ್ರವನ್ನು ನೋಡಿದರು, ಬಗ್ಗಿದ್ದವನ ಬೆನ್ನನ್ನು ನೋಡಿದರು, ಕೊನೆಗೆ ಅವಳನ್ನು ನೋಡಿದರು. 

“ಹತ್ತೊಂಬತ್ತು ವರ್ಷ,” ಎಂದರು ಅವರು ಮೆಲ್ಲಗೆ. “ಒಂದು ಸಲವಾದ್ರೂ ಬಾಯಿ ಬಿಟ್ಟು ಹೇಳೋದಲ್ವೇನಮ್ಮಾ?”

“ಬಾಯಿ ಬಿಟ್ಟಾಗಲೆಲ್ಲ ಕಿರುಚು ಅಂದ್ರಿ ಸರ್.”

ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡರು. ಮೊದಲ ಕಂತಿನ ಹಾಳೆಗಳನ್ನು ಜೋಡಿಸಿ ಅವಳತ್ತ ಚಾಚಿದರು. “ನಾಳೆ ಒಂಬತ್ತು ಗಂಟೆ. ಹದಿನಾಲ್ಕನೇ ಸಾಲಿನಲ್ಲಿ ಉಸಿರು ಬೇಗ ಬಿಟ್ಟಿದ್ದೀಯ. ಅದನ್ನ ಸರಿಮಾಡ್ಕೊಂಡು ಬಾ.”

ಅವಳು ಹಾಳೆಗಳನ್ನು ತೆಗೆದುಕೊಂಡಳು. ನಿಂತಲ್ಲೇ ಹದಿನಾಲ್ಕನೆಯ ಸಾಲನ್ನು ಹುಡುಕಿ, ಅದರ ಪಕ್ಕ ಪೆನ್ಸಿಲಿನಲ್ಲಿ ಒಂದು ಸಣ್ಣ ಗೆರೆ ಎಳೆದಳು. ಅವರು ಹೇಳಿದ್ದು ಸರಿಯಾಗಿತ್ತು.